ಮುಂಗಾಲಿ ಎತ್ತುವ ಮೋಟಾರ್ ಸೈಕಲ್ಲು: ಬಲ, ಸಮತೋಲ ಮತ್ತು ತಲೆಬುರುಡೆ

ಕುದುರೆಯನ್ನು ಮುಂಗಾಲೆತ್ತಿಸಿ ನಿಲ್ಲಿಸುವುದು ಹಿಂದಿನ ಕಾಲದ ಸವಾರರಿಗೆ ಹೆಮ್ಮೆಯ ವಿದ್ಯೆಯಾಗಿತ್ತು. ಊರ ಚೌಕಗಳಲ್ಲಿ ನಿಲ್ಲಿಸಿದ ವೀರರ ಪ್ರತಿಮೆಗಳಲ್ಲಿ ಕುದುರೆಯ ಮುಂಗಾಲುಗಳು ಗಾಳಿಯಲ್ಲಿರುವುದನ್ನು ಎಲ್ಲರೂ ಕಂಡಿದ್ದಾರೆ. ಈಗ ಕುದುರೆ ಹೋಗಿ ಅಶ್ವಶಕ್ತಿ ಮಾತ್ರ ಉಳಿದಿದೆ. ಮುಂಗಾಲಿನ ಬದಲು ಮುಂಗಾಲಿ ಏಳುತ್ತದೆ. ಪತ್ರಿಕೆಗಳು ಇದನ್ನು ‘ವ್ಹೀಲಿಂಗ್’ ಎಂದು ಬರೆಯುತ್ತವೆ. ಕುದುರೆಗೂ ಮೋಟಾರ್ ಸೈಕಲ್ಲಿಗೂ ಇರುವ ಒಂದು ಭೇದವನ್ನು ಮಾತ್ರ ಮೊದಲಲ್ಲೇ ಹೇಳಿಬಿಡಬೇಕು. ಕುದುರೆ ತಾನೇ ಹಿಂದಕ್ಕೆ ಮಗುಚಿ ಬೀಳಲು ಒಪ್ಪುವುದಿಲ್ಲ, ಅದಕ್ಕೂ ಪ್ರಾಣಭಯವುಂಟು. ಯಂತ್ರಕ್ಕೆ ಆ ಭಯವಿಲ್ಲ.

ಹೈದರಾಬಾದಿನಲ್ಲಿ ಈ ದೃಶ್ಯವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ವಾರಾಂತ್ಯದ ರಾತ್ರಿಗಳಲ್ಲಿ ರಾಯದುರ್ಗ, ಮಾದಾಪುರ, ಗಚ್ಚಿಬೌಲಿಗಳ ಐ.ಟಿ. ಕಟ್ಟಡಗಳ ನಡುವಣ ಅಗಲವಾದ ರಸ್ತೆಗಳಲ್ಲಿ ತರುಣರು ಗುಂಪುಗೂಡುವುದೂ, ಪೊಲೀಸರು ಬಂದು ವಾಹನಗಳನ್ನು ವಶಪಡಿಸಿಕೊಳ್ಳುವುದೂ ಹಲವು ಬಾರಿ ನಡೆದಿದೆ. ಹುಸೇನ್ ಸಾಗರದ ಬಳಿ 2023ರ ಫೆಬ್ರವರಿ 11ರಂದು ವಿದ್ಯುತ್ ಕಾರುಗಳ ಫಾರ್ಮುಲಾ–ಇ ಪಂದ್ಯ ನಡೆಯಿತು. ಅಂದು ರಸ್ತೆಯ ಇಕ್ಕೆಲಗಳಲ್ಲೂ ತಡೆಗೋಡೆ, ಬಲೆ, ಸಿದ್ಧವಾಗಿ ನಿಂತ ವೈದ್ಯರು, ಅಗ್ನಿಶಾಮಕರು ಇದ್ದರು. ಅದೇ ದಂಡೆಯಲ್ಲಿ ಮಧ್ಯರಾತ್ರಿ ಒಂದು ಗಾಲಿಯ ಮೇಲೆ ಹೋಗುವ ತರುಣನಿಗೆ ಇರುವುದು ಬೀದಿನಾಯಿ, ಮರಳು ಚೆಲ್ಲಿದ ತಿರುವು, ದೀಪವಿಲ್ಲದ ಆಟೋ ಇಷ್ಟೇ.

ಈ ವಿಷಯ ಬೇರೆ ಯಾರದೋ ಮನೆಯದು ಎಂದು ಕನ್ನಡ ಕುಟುಂಬಗಳು ಭಾವಿಸುವಂತಿಲ್ಲ. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದು ಕಾಚಿಗುಡ, ಬರ್ಕತ್‌ಪುರಗಳಲ್ಲಿ ನೆಲೆಸಿದ ಹಳೆಯ ಮನೆಗಳಲ್ಲೂ, ಕೆಲಸದ ನಿಮಿತ್ತ ಬೆಂಗಳೂರು, ಧಾರವಾಡಗಳಿಂದ ಬಂದು ಕೊಂಡಾಪುರದ ಬಹುಮಹಡಿ ಕಟ್ಟಡ ಸೇರಿದ ಹೊಸ ಸಂಸಾರಗಳಲ್ಲೂ ಒಂದು ಮಾತು ಸಾಮಾನ್ಯ. ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೊಡನೆ ಅವನು ಗಾಡಿ ಕೇಳುತ್ತಾನೆ. ತಂದೆಯ ಮನಸ್ಸಿನಲ್ಲಿರುವ ಗಾಡಿ ಬೇರೆ, ಮಗನ ಮನಸ್ಸಿನಲ್ಲಿರುವ ಗಾಡಿ ಬೇರೆ. ತಂದೆ ಮೈಲೇಜು ವಿಚಾರಿಸುತ್ತಾನೆ. ಮಗ ಅಶ್ವಶಕ್ತಿಯನ್ನು ಬಾಯಿಪಾಠ ಮಾಡಿರುತ್ತಾನೆ.

ತಂದೆಯಂದಿರ ಕಾಲದ ಗಾಡಿಗಳು

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಕನ್ನಡ ನಾಡಿನ ರಸ್ತೆಗಳಿಗೆ ಜಾವಾ, ಯೆಜ್ಡಿಗಳನ್ನು ಕೊಟ್ಟಿತು. ಎರಡು ಸೈಲೆನ್ಸರಿನ, 250 ಸಿ.ಸಿ.ಯ ಆ ಗಾಡಿ ತೂಕದ್ದು. ಅದರ ಮುಂಗಾಲಿಯನ್ನು ಎತ್ತಬೇಕೆಂಬ ಯೋಚನೆ ಹೆಚ್ಚಿನವರಿಗೆ ಬರಲಿಲ್ಲ. 1983ರಲ್ಲಿ ರಾಜ್‌ದೂತ್ 350 ಬಂದಾಗ ಪರಿಸ್ಥಿತಿ ಬದಲಾಯಿತು. ಜಪಾನಿನ ಯಮಹಾ ಆರ್.ಡಿ. 350ರ ಈ ಭಾರತೀಯ ರೂಪ 30 ಅಶ್ವಶಕ್ತಿಯ ಆಸುಪಾಸಿನದು, ಆದರೆ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕಿನ ಬದಲು ಹಳೆಯ ಡ್ರಮ್ ಬ್ರೇಕನ್ನೇ ಅಳವಡಿಸಿದ್ದರು. ಓಡಲು ಜಪಾನಿನ ಬಲ, ನಿಲ್ಲಲು ಸ್ವದೇಶದ ಡ್ರಮ್ಮು! ಆ ಗಾಡಿಗೆ ಅಂಟಿದ ಅಪಖ್ಯಾತಿಯಲ್ಲಿ ಸವಾರರ ಪಾಲೆಷ್ಟೋ ಈ ಹೊಂದಾಣಿಕೆಯ ಪಾಲೂ ಅಷ್ಟಿದೆ.

1985ರಲ್ಲಿ ಬಂದ ಯಮಹಾ ಆರ್.ಎಕ್ಸ್. 100 ಕೇವಲ 98 ಸಿ.ಸಿ., 11 ಅಶ್ವಶಕ್ತಿ. ಆದರೆ ಗಾಡಿಯ ತೂಕ ನೂರು ಕಿಲೋ ಆಸುಪಾಸು. ಮೊದಲ ಗೇರಿನಲ್ಲಿ ಹಿಂದೆ ಸರಿದು ಕುಳಿತು ಕ್ಲಚ್ ಬಿಟ್ಟರೆ ಅದರ ಮುಂಗಾಲಿ ಮೇಲೇಳುತ್ತಿತ್ತು. ಇಂದು ಮಗನಿಗೆ ಬುದ್ಧಿ ಹೇಳುತ್ತಿರುವ ಅನೇಕ ತಂದೆಯರು ಅಂದು ಕಾಲೇಜಿನ ಮುಂದೆ ಈ ವಿದ್ಯೆಯನ್ನು ಪ್ರದರ್ಶಿಸಿದವರೇ ಎಂಬುದನ್ನು ಮರೆಯುವಂತಿಲ್ಲ. ಅಂದಿನಿಂದ ಇಂದಿಗೆ ಬೇರೆಯಾಗಿರುವುದು ತರುಣರ ಸ್ವಭಾವವಲ್ಲ, ಗಾಡಿಯ ಬಲ. 2013ರಲ್ಲಿ ಭಾರತಕ್ಕೆ ಬಂದ ಕೆ.ಟಿ.ಎಂ. 390 ಡ್ಯೂಕ್ 43 ಅಶ್ವಶಕ್ತಿಯದು. ಸಾವಿರ ಸಿ.ಸಿ.ಯ ಸ್ಪೋರ್ಟ್ಸ್ ಬೈಕುಗಳು 180ರಿಂದ 200 ಅಶ್ವಶಕ್ತಿಯವು. ಒಂದು ಸಾಧಾರಣ ಕುಟುಂಬದ ಕಾರಿಗೆ ಇರುವುದರ ಎರಡರಷ್ಟು ಬಲ, ಅದರ ಐದನೆಯ ಒಂದು ಭಾಗದಷ್ಟು ತೂಕದ ವಾಹನದಲ್ಲಿ.

ಮುಂಗಾಲಿ ಏಕೆ ಏಳುತ್ತದೆ?

ಇದು ಜಾದೂ ಅಲ್ಲ, ಪ್ರೌಢಶಾಲೆಯ ಸನ್ನೆಕೋಲಿನ ಪಾಠ. ಎಂಜಿನಿನ ಬಲ ಚೈನಿನ ಮೂಲಕ ಹಿಂದಿನ ಗಾಲಿಗೆ ಹೋಗುತ್ತದೆ; ಗಾಲಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಈ ನೂಕುಬಲ ದೊರೆಯುವುದು ನೆಲಮಟ್ಟದಲ್ಲಿ. ಆದರೆ ಗಾಡಿ ಮತ್ತು ಸವಾರನ ಒಟ್ಟು ಭಾರದ ಗುರುತ್ವಕೇಂದ್ರ ಇರುವುದು ಸುಮಾರು ಮೊಣಕಾಲಿನೆತ್ತರದಲ್ಲಿ ಅಥವಾ ಅದಕ್ಕೂ ಮೇಲೆ. ಕೆಳಗಿನಿಂದ ನೂಕಿದಾಗ ಮೇಲಿನ ಭಾರ ಹಿಂದುಳಿಯಲು ನೋಡುತ್ತದೆ. ಕಂಬಳಿಯ ಮೇಲೆ ನಿಂತವನ ಕಾಲಡಿಯ ಕಂಬಳಿಯನ್ನು ಮುಂದಕ್ಕೆಳೆದರೆ ಅವನು ಹಿಂದಕ್ಕೆ ಬೀಳುವುದೂ ಇದೇ ಕಾರಣದಿಂದ. ಹೀಗೆ ಗಾಡಿಯನ್ನು ಹಿಂದಕ್ಕೆ ತಿರುಗಿಸಲು ನೂಕುಬಲ ಪ್ರಯತ್ನಿಸುತ್ತದೆ, ಮುಂದಿನ ಗಾಲಿಯನ್ನು ನೆಲಕ್ಕೆ ಒತ್ತಲು ಭಾರ ಪ್ರಯತ್ನಿಸುತ್ತದೆ. ಯಾವುದು ಗೆದ್ದಿತೋ ಅದರಂತೆ ನಡೆಯುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ಮಾಡಬಹುದು. ಗಾಡಿ 175 ಕಿಲೋ, ಸವಾರ 75 ಕಿಲೋ, ಒಟ್ಟು 250. ಗುರುತ್ವಕೇಂದ್ರ ಹಿಂದಿನ ಗಾಲಿ ನೆಲ ಮುಟ್ಟುವ ಸ್ಥಳದಿಂದ 70 ಸೆಂಟಿಮೀಟರ್ ಮುಂದೆ, ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಮುಂಗಾಲಿ ಏಳಲು 250ನ್ನು 70ರಿಂದ ಗುಣಿಸಿ 65ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 270 ಕಿಲೋ ಭಾರಕ್ಕೆ ಸಮನಾದ ನೂಕುಬಲ ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಈ ನೂಕುಬಲ ಕೊಡಲು 36 ಅಶ್ವಶಕ್ತಿ ಸಾಕು. ವೇಗ 72 ಆದರೆ 72 ಅಶ್ವಶಕ್ತಿ, 108 ಆದರೆ 108. ಗಾಳಿಯ ತಡೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಹತ್ತು ಅಶ್ವಶಕ್ತಿಯ ಗಾಡಿಯ ಮುಂಗಾಲಿ ಮನುಷ್ಯ ಓಡುವ ವೇಗವನ್ನು ದಾಟಿದ ಮೇಲೆ ಸಾಮಾನ್ಯವಾಗಿ ಏಳದು. ಎಬ್ಬಿಸಲು ಕ್ಲಚ್ಚಿನ ತಂತ್ರವೋ, ಹ್ಯಾಂಡಲ್ ಎಳೆಯುವ ತೋಳ್ಬಲವೋ ಬೇಕು. 180 ಅಶ್ವಶಕ್ತಿಯ ಗಾಡಿಯಾದರೋ ನೂರು ಕಿಲೋಮೀಟರ್ ವೇಗ ದಾಟಿದ ಮೇಲೂ, ಸವಾರ ಬಯಸದಿದ್ದರೂ, ಮಣಿಕಟ್ಟು ಸ್ವಲ್ಪ ಹೆಚ್ಚು ತಿರುಗಿದ ಮಾತ್ರಕ್ಕೆ ಮುಂಗಾಲಿಯನ್ನು ಎತ್ತಬಲ್ಲದು. ಮೇಲುಸೇತುವೆಯ ಏರು ಮುಗಿದು ಇಳಿಜಾರು ಆರಂಭವಾಗುವ ದಿಬ್ಬದ ಮೇಲೆ ಇದು ಇನ್ನೂ ಸುಲಭ. ಮೇಲುಸೇತುವೆಗಳೇ ತುಂಬಿದ ಹೈದರಾಬಾದಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಸ್ಕೂಟರುಗಳನ್ನು ಹೀಗೆ ಎತ್ತುವುದನ್ನು ಕಂಡವರಿಗೆ ಸಂಶಯ ಬರಬಹುದು: ಅವಕ್ಕೆ ಅಷ್ಟು ಬಲವೆಲ್ಲಿದೆ? ಗೇರಿಲ್ಲದ ಸ್ಕೂಟರಿನ ಎಂಜಿನು ಹಿಂದಿನ ಗಾಲಿಯ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಗುರುತ್ವಕೇಂದ್ರ ಮೊದಲೇ ಹಿಂದಿದೆ; ಸವಾರ ಸೀಟಿನ ತುದಿಗೆ ಸರಿದರೆ, ಅಥವಾ ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡರೆ, ಸನ್ನೆಕೋಲಿನ ಆ 70 ಸೆಂಟಿಮೀಟರ್ ತೀರ ಕಿರಿದಾಗುತ್ತದೆ. ಸಣ್ಣ ಬಲವೇ ಸಾಕಾಗುತ್ತದೆ.

ಎತ್ತುವುದು ಸುಲಭ, ನಿಲ್ಲಿಸುವುದು ಕಷ್ಟ

ಅಪಾಯದ ಮರ್ಮ ಇರುವುದು ಇಲ್ಲಿ. ಮೇಲಿನ ಲೆಕ್ಕದ ಗಾಡಿಯನ್ನೇ ತೆಗೆದುಕೊಂಡರೆ, ಗಾಲಿ ನೆಲದಲ್ಲಿದ್ದಾಗ 270 ಕಿಲೋ ನೂಕುಬಲ ಬೇಕಿತ್ತು. ಗಾಡಿ 20 ಡಿಗ್ರಿ ಎದ್ದಾಗ ಅದನ್ನು ಅಲ್ಲೇ ನಿಲ್ಲಿಸಿಕೊಳ್ಳಲು ಬೇಕಾದದ್ದು ಸುಮಾರು 130 ಮಾತ್ರ. 30 ಡಿಗ್ರಿಗೆ ಎಂಬತ್ತಕ್ಕೂ ಕಡಿಮೆ. 47 ಡಿಗ್ರಿಯ ಹೊತ್ತಿಗೆ ಸೊನ್ನೆ. ಏಕೆಂದರೆ ಗಾಡಿ ಎದ್ದಷ್ಟೂ ಭಾರ ಹಿಂದಿನ ಗಾಲಿಯ ಮೇಲಕ್ಕೆ ಬರುತ್ತದೆ. ಕೊನೆಗೆ ನೇರವಾಗಿ ಅದರ ಮೇಲೆಯೇ ನಿಲ್ಲುತ್ತದೆ. ಪಳಗಿದವರು ಇದನ್ನು ಸಮತೋಲದ ಬಿಂದು ಎನ್ನುತ್ತಾರೆ. ಹೀಗಾಗಿ ಮುಂಗಾಲಿಯನ್ನು ಎಬ್ಬಿಸಿದಷ್ಟೇ ಬಲವನ್ನು ಸವಾರ ಹಾಗೆಯೇ ಹಿಡಿದುಕೊಂಡಿದ್ದರೆ ಗಾಡಿ ಅಲ್ಲಿ ನಿಲ್ಲುವುದಿಲ್ಲ, ಇನ್ನೂ ಬೇಗ ಬೇಗ ಮೇಲೇಳುತ್ತದೆ. ಎಬ್ಬಿಸಿದ ಕ್ಷಣದಲ್ಲೇ ಬಲವನ್ನು ಇಳಿಸಲು ಆರಂಭಿಸಬೇಕು. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ಆಡಿದ ಮಕ್ಕಳಿಗೆ ಇದರ ಅನುಭವವಿದೆ. ಕೋಲು ವಾಲಿದಷ್ಟೂ ಬೇಗ ವಾಲುತ್ತದೆ. ಕೈ ಮಾತ್ರ ಒಂದೇ ವೇಗದಲ್ಲಿ ಚಲಿಸುತ್ತದೆ.

ಸಮತೋಲದ ಬಿಂದುವನ್ನು ದಾಟಿದ ಮೇಲೆ ಉಳಿಯುವ ಒಂದೇ ಸಾಧನ ಹಿಂದಿನ ಬ್ರೇಕು. ಬಲಗಾಲು ಅದರ ಮೇಲೆ ಸದಾ ಸಿದ್ಧವಾಗಿರಬೇಕು. ಹೊಸಬರ ಕಾಲು ಸಾಮಾನ್ಯವಾಗಿ ಅಲ್ಲಿರುವುದಿಲ್ಲ, ಭಯದಿಂದ ಗಾಳಿಯಲ್ಲಿರುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಿಂದಕ್ಕೆ ಬೀಳುತ್ತೇನೆ ಎನ್ನಿಸಿದ ಕೂಡಲೇ ಮನುಷ್ಯ ಕೈಯಲ್ಲಿರುವುದನ್ನು ಬಿಗಿಯಾಗಿ ಹಿಡಿದು ತನ್ನೆಡೆಗೆ ಎಳೆಯುತ್ತಾನೆ. ತೊಟ್ಟಿಲ ಕೂಸೂ ಮಾಡುವ ಸಹಜ ಕ್ರಿಯೆ ಇದು. ಮೋಟಾರ್ ಸೈಕಲ್ಲಿನ ಮೇಲೆ ಬಲಗೈಯಲ್ಲಿರುವುದು ಎಕ್ಸಲೇಟರು. ಹಿಂದಕ್ಕೆ ಎಳೆದಷ್ಟೂ ಅದು ತೆರೆಯುತ್ತದೆ. ಬೀಳುವ ಭಯವೇ ಬೀಳುವ ಬಲವನ್ನು ಹೆಚ್ಚಿಸುತ್ತದೆ. ಹಿಂದಕ್ಕೆ ಮಗುಚಿದ ಗಾಡಿಗಳ ಕಥೆಯಲ್ಲಿ ಬಹುಪಾಲು ಇದೇ.

ಮುಂಗಾಲಿ ಗಾಳಿಯಲ್ಲಿದ್ದಾಗ ಸವಾರ ಕಳೆದುಕೊಳ್ಳುವುದನ್ನು ಎಣಿಸಬೇಕು. ಹ್ಯಾಂಡಲ್ ತಿರುಗಿಸಿದರೆ ಗಾಡಿ ತಿರುಗುವುದಿಲ್ಲ, ನೆಲ ಮುಟ್ಟದ ಗಾಲಿಗೆ ದಾರಿ ತೋರಿಸುವ ಶಕ್ತಿಯಿಲ್ಲ. ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮಾಡುವ ಮುಂದಿನ ಬ್ರೇಕು ನಿರುಪಯೋಗಿ. ಹೆಡ್‌ಲೈಟು ಆಕಾಶ ನೋಡುತ್ತದೆ, ಮುಂದಿನ ರಸ್ತೆಯನ್ನು ಗಾಡಿಯ ಮೈಯೇ ಮರೆಮಾಡುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಸಾಗುವ ವಾಹನವೊಂದು ಕುರುಡಾಗಿ, ಕೈಕಾಲಿಲ್ಲದೆ ಹೋಗುತ್ತಿರುತ್ತದೆ. ಇಳಿಯುವಾಗಲೂ ಗಾಲಿ ಸ್ವಲ್ಪ ಓರೆಯಾಗಿ ನೆಲ ಮುಟ್ಟಿದರೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಹುಚ್ಚೆದ್ದು ಬಡಿದಾಡುತ್ತದೆ.

ಗಾಡಿಗೂ ಇದು ಒಳ್ಳೆಯದಲ್ಲ. ಮುಂದಿನ ಫೋರ್ಕಿನ ಆಯಿಲ್ ಸೀಲುಗಳು, ಹ್ಯಾಂಡಲಿನ ಬೇರಿಂಗು, ಕ್ಲಚ್ ಪ್ಲೇಟುಗಳು, ಚೈನು ಬೇಗ ಹಾಳಾಗುತ್ತವೆ. ಬಹಳ ಹೊತ್ತು ಓರೆಯಾಗಿದ್ದರೆ ಎಂಜಿನಿನ ತಳದ ಎಣ್ಣೆ ಹಿಂದಕ್ಕೆ ಹರಿದು ಪಂಪಿನ ಬಾಯಿ ಒಣಗುವುದೂ ಉಂಟು; ಆಗ ಒಳಗಿನ ಬೇರಿಂಗುಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಮೆಕ್ಯಾನಿಕ್ಕಿನ ಬಿಲ್ಲು ತಂದೆಗೆ ಬರುತ್ತದೆ ಎಂಬ ಕಾರಣಕ್ಕಾದರೂ ಇದನ್ನು ಹೇಳಬೇಕಾಯಿತು.

ಬಲವನ್ನು ಪಳಗಿಸುವ ಬಗೆ

ಬಲವಾದ ಗಾಡಿ ತಾನಾಗಿ ಪಾಪದ್ದಲ್ಲ. ಅದನ್ನು ನಡೆಸಲು ಬೇರೆ ಶಿಕ್ಷಣ ಬೇಕು, ಅಷ್ಟೆ. ದೇಹವನ್ನು ಗಾಡಿಗೆ ಬಿಗಿಯುವುದು ಕೈಗಳಿಂದಲ್ಲ, ಮೊಣಕಾಲುಗಳಿಂದ. ತೊಡೆ ಮತ್ತು ಮೊಣಕಾಲು ಪೆಟ್ರೋಲ್ ಟ್ಯಾಂಕನ್ನು ಅಪ್ಪಿಹಿಡಿದಿದ್ದರೆ ಕೈಗಳು ಸಡಿಲವಾಗಿರಬಲ್ಲವು. ಮೊಣಕೈ ಸ್ವಲ್ಪ ಬಾಗಿ, ಮಣಿಕಟ್ಟು ತಗ್ಗಾಗದೆ ಇರಬೇಕು. ಹಿಂದಕ್ಕೆ ಜಗ್ಗಿದಾಗ ಎಕ್ಸಲೇಟರ್ ತಾನೇ ತೆರೆಯುವ ಅಪಾಯ ಅರ್ಧ ಇಲ್ಲೇ ಪರಿಹಾರವಾಗುತ್ತದೆ. ಎಡಗೈಯ ಒಂದು ಬೆರಳು ಕ್ಲಚ್ಚಿನ ಮೇಲಿದ್ದರೆ ಬಲವನ್ನು ಕ್ಷಣದಲ್ಲಿ ಕಡಿದುಹಾಕಬಹುದು. ಎಕ್ಸಲೇಟರನ್ನು ಒಮ್ಮೆಗೇ ತಿರುಚದೆ, ಬಾವಿಯಿಂದ ತುಂಬಿದ ಕೊಡ ಎಳೆಯುವಂತೆ ಸಮನಾಗಿ ತೆರೆಯಬೇಕು. ತಿರುವಿನಲ್ಲಿ ಗಾಡಿ ಓರೆಯಾಗಿರುವಾಗ ಟೈರಿನ ಹಿಡಿತದ ಬಹುಭಾಗ ತಿರುಗುವುದಕ್ಕೇ ಖರ್ಚಾಗಿರುತ್ತದೆ. ಆಗ ಬಲ ಕೊಟ್ಟರೆ ಹಿಂದಿನ ಗಾಲಿ ಜಾರುತ್ತದೆ. ಗಾಡಿ ನೆಟ್ಟಗಾದಂತೆಲ್ಲ ಬಲ ಹೆಚ್ಚಿಸುವುದು ಸರಿಯಾದ ಕ್ರಮ. ಹೊಸ ಟೈರು, ಮಳೆಯ ಮೊದಲ ಹನಿ, ರಸ್ತೆಯ ಬಿಳಿ ಪಟ್ಟಿ, ಕಟ್ಟಡ ಕೆಲಸದ ಮರಳು ಇವು ಈ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುತ್ತವೆ.

ದುಬಾರಿ ಗಾಡಿಗಳಲ್ಲಿ ಈಗ ಮುಂಗಾಲಿ ಏಳುವುದನ್ನು ಗ್ರಹಿಸಿ ಬಲವನ್ನು ತಾನೇ ತಗ್ಗಿಸುವ ವಿದ್ಯುನ್ಮಾನ ವ್ಯವಸ್ಥೆ ಇರುತ್ತದೆ. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರಾಟವಾಗುವ 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆ ಗಾಲಿ ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ. ಇವು ಉಪಕಾರಿಯೇ. ಆದರೆ ಪ್ರದರ್ಶನಕ್ಕೆ ಹೊರಟ ತರುಣ ಮೊದಲು ಮಾಡುವ ಕೆಲಸ ಆ ವ್ಯವಸ್ಥೆಯ ಗುಂಡಿಯನ್ನು ಆರಿಸುವುದು.

ನಿಜವಾಗಿ ಕಲಿಯಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಪಥ, ಚೆನ್ನೈ ಬಳಿ ಇರುಂಗಾಟುಕೋಟೆಯ ಪಥ ಇವೆ. ಅಲ್ಲಿಯೂ ಅಪಾಯ ಪೂರ್ತಿ ಇಲ್ಲದಿಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಪಥದ ಪಂದ್ಯದಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಪ್ರತಿಭಾವಂತ ಬಾಲಕನೊಬ್ಬ ಬಿದ್ದು ತೀರಿಕೊಂಡ. ಡಕಾರ್ ರ‍್ಯಾಲಿಯಲ್ಲಿ ಭಾಗವಹಿಸಿದ ಮೊದಲ ಭಾರತೀಯ ಮೋಟಾರ್ ಸೈಕಲ್ ಸವಾರ, ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಲ್ಲಿ 36ನೆಯ ಸ್ಥಾನ ಪಡೆದವರು. 2021ರ ಜನವರಿಯಲ್ಲಿ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ಔಷಧಿಯಿಂದ ನಿದ್ರೆಯಲ್ಲಿರಿಸಲ್ಪಟ್ಟರು. ಅವರು ಬದುಕಿ ಮನೆಗೆ ಬಂದರು. ಅವರ ಬಳಿ ಉತ್ತಮ ಶಿರಸ್ತ್ರಾಣ, ದೇಹಕವಚ, ನಿಮಿಷಗಳಲ್ಲಿ ಬಂದ ವೈದ್ಯರು, ಹೆಲಿಕಾಪ್ಟರು ಇದ್ದವು. ಅಷ್ಟೆಲ್ಲ ಇದ್ದವನಿಗೇ ಹೀಗಾದರೆ ಬನಿಯನ್ನು ಹಾಕಿಕೊಂಡು ನೆಕ್ಲೆಸ್ ರಸ್ತೆಗೆ ಇಳಿದವನ ಗತಿಯನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ದೇಹಕ್ಕೆ ಏನಾಗುತ್ತದೆ?

ಹಿಂದಕ್ಕೆ ಮಗುಚಿದವನು ಮೊದಲು ಕುಂಡಿಯೂರಿ ಬೀಳುತ್ತಾನೆ. ಆ ಪೆಟ್ಟು ಬೆನ್ನುಮೂಳೆಯ ಮೂಲಕ ಮೇಲೇರಿ, ಎದೆ ಮತ್ತು ಸೊಂಟದ ಮೂಳೆಗಳು ಕೂಡುವ ಎಡೆಯಲ್ಲಿ ಒಂದು ಕಶೇರುವನ್ನು ಜಜ್ಜುತ್ತದೆ. ಮರುಕ್ಷಣ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಪಕ್ಕಕ್ಕೆ ಬಿದ್ದವನು ಅಂಗೈ ಊರಿ ಮಣಿಕಟ್ಟನ್ನೂ, ಭುಜವೂರಿ ಕೊರಳೆಲುಬನ್ನೂ ಮುರಿದುಕೊಳ್ಳುತ್ತಾನೆ. ಇವೆಲ್ಲ ಕೂಡುವ ಮೂಳೆಗಳು. ಕೂಡದಿರುವ ಒಂದು ಗಾಯದ ಬಗ್ಗೆ ಮಾತ್ರ ಜನರಿಗೆ ಹೆಚ್ಚು ತಿಳಿದಿಲ್ಲ. ತಲೆ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ಎಳೆಯಲ್ಪಟ್ಟಾಗ ಕುತ್ತಿಗೆಯಿಂದ ತೋಳಿಗೆ ಬರುವ ಐದು ನರಬೇರುಗಳು ಹರಿಯುತ್ತವೆ. ಬೇರು ಸಮೇತ ಕಿತ್ತುಬಂದರೆ ಆ ತೋಳು ಜೀವಮಾನವಿಡೀ ಜೋತಾಡುತ್ತದೆ, ಜೊತೆಗೆ ಸುಡುವ ನೋವು. ಈ ಗಾಯಕ್ಕೆ ಮೋಟಾರ್ ಸೈಕಲ್ಲೇ ಪ್ರಮುಖ ಕಾರಣವೆಂಬುದು ಶಸ್ತ್ರವೈದ್ಯರಿಗೆ ಚೆನ್ನಾಗಿ ಗೊತ್ತು.

ಹಿಂದೆ ಕುಳಿತವನದು ಇನ್ನೂ ಅನ್ಯಾಯದ ಸ್ಥಿತಿ. ಅವನಿಗೆ ಹ್ಯಾಂಡಲಿಲ್ಲ, ಸೂಚನೆಯಿಲ್ಲ. 2011ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ ಸಾವಿರ ಸಿ.ಸಿ.ಯ ಬೈಕು ಉರುಳಿದಾಗ, ಭಾರತ ಕ್ರಿಕೆಟ್ ತಂಡದ ಮಾಜಿ ನಾಯಕ ಮಹಮ್ಮದ್ ಅಜರುದ್ದೀನರ ಹತ್ತೊಂಬತ್ತು ವರ್ಷದ ಮಗನೂ ಅವನ ಜೊತೆಗಿದ್ದ ಸೋದರಸಂಬಂಧಿ ಬಾಲಕನೂ ಪ್ರಾಣ ಕಳೆದುಕೊಂಡರು. ಬಾಲಕ ಮೊದಲು, ಸವಾರ ಕೆಲವು ದಿನಗಳ ಅನಂತರ. ಈ 158 ಕಿಲೋಮೀಟರ್ ರಸ್ತೆಯ ಮುಖ್ಯಮಾರ್ಗದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ, ಸ್ನೇಹಿತನ ಬೈಕಿನ ಹಿಂದೆ ಶಿರಸ್ತ್ರಾಣವಿಲ್ಲದೆ ಕುಳಿತಿದ್ದ ರಾಷ್ಟ್ರಪ್ರಶಸ್ತಿ ವಿಜೇತ ನಟ ಸಂಚಾರಿ ವಿಜಯ್ ಬಿದ್ದು, ಮೆದುಳು ನಿಷ್ಕ್ರಿಯವಾಗಿ ತೀರಿಕೊಂಡರು. ಮನೆಯವರು ಅವರ ಅಂಗಗಳನ್ನು ದಾನ ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 10ರಂದು ಹೈದರಾಬಾದಿನ ದುರ್ಗಂ ಚೆರುವು ತೂಗುಸೇತುವೆಯ ಸಮೀಪ ತೆಲುಗು ನಟ ಸಾಯಿ ಧರಮ್ ತೇಜ್ ರಸ್ತೆಯ ಮರಳಿನಿಂದ ಜಾರಿ ಬಿದ್ದರು. ಕೊರಳೆಲುಬು ಮುರಿಯಿತು, ಆಸ್ಪತ್ರೆಯಲ್ಲಿ ಒಂದು ತಿಂಗಳಿಗೂ ಮೇಲ್ಪಟ್ಟು ಇರಬೇಕಾಯಿತು; ಆದರೆ ತಲೆಯ ಮೇಲೆ ಶಿರಸ್ತ್ರಾಣವಿತ್ತು, ಬದುಕಿದರು. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಶಿರಸ್ತ್ರಾಣದ ಕಥೆಗೆ ಒಂದು ಆರಂಭವಿದೆ. ‘ಅರೇಬಿಯದ ಲಾರೆನ್ಸ್’ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಮಡಿದ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರತಜ್ಞನಿದ್ದ. ಈ ಸಾವು ಅವನನ್ನು ಕಾಡಿತು. ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1941ರಲ್ಲಿ ಶಿರಸ್ತ್ರಾಣದ ಮಹತ್ವವನ್ನು ಕುರಿತು ಲೇಖನ ಪ್ರಕಟಿಸಿದ. ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಶಿರಸ್ತ್ರಾಣ ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಸವಾರರಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ಅಷ್ಟರೊಳಗೆ ಕೇರ್ನ್ಸ್ ತೀರಿಹೋಗಿ ಎರಡು ದಶಕ ಕಳೆದಿದ್ದವು.

ಶಿರಸ್ತ್ರಾಣದಲ್ಲಿ ಪ್ರಾಣ ಉಳಿಸುವುದು ಹೊರಗಿನ ಗಟ್ಟಿ ಚಿಪ್ಪಿಗಿಂತ ಒಳಗಿನ ದಪ್ಪ ಥರ್ಮೋಕೋಲು. ಅದು ಜಜ್ಜಿಹೋಗುವುದರಿಂದ ತಲೆ ಒಮ್ಮೆಗೇ ನಿಲ್ಲದೆ ಕೆಲವು ಸೆಂಟಿಮೀಟರುಗಳ ಅಂತರದಲ್ಲಿ ನಿಲ್ಲುತ್ತದೆ, ಮೆದುಳಿಗೆ ತಟ್ಟುವ ಆಘಾತ ತಗ್ಗುತ್ತದೆ. ಒಮ್ಮೆ ಜಜ್ಜಿದ ಥರ್ಮೋಕೋಲು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಮ್ಮೆ ಪೆಟ್ಟು ತಿಂದ ಶಿರಸ್ತ್ರಾಣ ಹೊರಗೆ ಚೆನ್ನಾಗಿ ಕಂಡರೂ ಬಿಸಾಡತಕ್ಕದ್ದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಶಿರಸ್ತ್ರಾಣ ಸಾವಿನ ಸಂಭವವನ್ನು ಶೇಕಡಾ 42ರಷ್ಟೂ ತಲೆಪೆಟ್ಟಿನ ಸಂಭವವನ್ನು ಶೇಕಡಾ 69ರಷ್ಟೂ ತಗ್ಗಿಸುವುದು ಕಂಡುಬಂದಿದೆ. ಗಲ್ಲದ ಪಟ್ಟಿ ಕಟ್ಟದಿದ್ದರೆ ಈ ಅಂಕಿಗಳಿಗೆ ಅರ್ಥವಿಲ್ಲ. ಪಾದಚಾರಿ ಮಾರ್ಗದ ಮೇಲೆ ಗುಡ್ಡೆ ಹಾಕಿ ಮಾರುವ, ಐ.ಎಸ್.ಐ. ಗುರುತಿಲ್ಲದ ಟೋಪಿಗಳು ಪೊಲೀಸರಿಂದ ಮಾತ್ರ ಕಾಪಾಡುತ್ತವೆ.

ಕಾನೂನು ಮತ್ತು ಮನೆ

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯನ್ನು ತಂದೆತಾಯಿಗಳು ತಿಳಿದಿರಬೇಕು. ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. 2025ರ ಮೇ ತಿಂಗಳಲ್ಲಿ ಗಂಗಾವತಿಯ ವ್ಹೀಲಿಂಗ್ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಇದನ್ನು ತಡೆಯಲು ಇನ್ನೂ ಕಠಿಣ ಕಾನೂನು ಬೇಕೆಂದು ಸರ್ಕಾರಕ್ಕೆ ಹೇಳಿತು. ಅದೇ ವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟು, ಅರಸೀಕೆರೆ ರಸ್ತೆಯಲ್ಲಿ 2014ರಲ್ಲಿ ತನ್ನದೇ ಅತಿವೇಗದಿಂದ ಕಾರು ಮಗುಚಿ ಸತ್ತವನ ಕುಟುಂಬ ಕೇಳಿದ್ದ 80 ಲಕ್ಷ ರೂಪಾಯಿ ವಿಮಾ ಪರಿಹಾರವನ್ನು ನಿರಾಕರಿಸಿದ ಕರ್ನಾಟಕ ಹೈಕೋರ್ಟಿನ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಜನರ ಸಹನೆಯೂ ಮುಗಿದಿದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯ ಮೇಲುಸೇತುವೆಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ರೊಚ್ಚಿಗೆದ್ದ ಪ್ರಯಾಣಿಕರು ಸೇತುವೆಯಿಂದ ಕೆಳಕ್ಕೆಸೆದರು. ಅದೂ ನ್ಯಾಯವೇನಲ್ಲ, ಕೆಳಗೆ ಯಾರಾದರೂ ಇದ್ದಿದ್ದರೆ?

ಕಾನೂನಿನ ಭಯ ಎಲ್ಲಿಯವರೆಗೆ ಕೆಲಸಮಾಡೀತು ಎಂಬುದು ಯೋಚಿಸತಕ್ಕ ವಿಷಯ. ಮೆದುಳಿನಲ್ಲಿ ಮುಂದಾಲೋಚನೆಯ ಭಾಗ ಹಣೆಯ ಹಿಂದಿದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ರೋಮಾಂಚನವನ್ನು ಬಯಸುವ ಭಾಗ ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತದೆ. ಗೆಳೆಯರು ನೋಡುತ್ತಿದ್ದಾರೆಂದರೆ ಹದಿಹರೆಯದವರು ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಾರೆಂದು ಪ್ರಯೋಗಗಳು ತೋರಿಸಿವೆ. ಈಗ ನೋಡುವ ಗೆಳೆಯರು ಫೋನಿನೊಳಗೂ ಇದ್ದಾರೆ. ಅಪಾಯ ತಿಳಿಯದೆ ಹುಡುಗ ಹೀಗೆ ಮಾಡುತ್ತಾನೆಂದು ಭಾವಿಸಿ ಉಪದೇಶಿಸುವ ತಂದೆ ಸೋಲುವುದು ಈ ಕಾರಣಕ್ಕೆ. ಅಪಾಯ ಅವನಿಗೆ ಗೊತ್ತಿದೆ. ಮೊದಲ ಎರಡು ವರ್ಷ ಬಲ ಕಡಿಮೆಯ ಗಾಡಿ, ಗಾಡಿಯ ಬೆಲೆಯೊಳಗೇ ಒಳ್ಳೆಯ ಶಿರಸ್ತ್ರಾಣ, ಕೈಗವಸು, ಜಾಕೆಟ್ಟಿನ ಖರ್ಚು, ವರ್ಷಕ್ಕೊಮ್ಮೆ ತಂದೆಯೂ ಮಗನೂ ಬೆಳಗಿನ ಜಾವ ಹೊರಟು 140 ಕಿಲೋಮೀಟರ್ ದೂರದ ಬೀದರ ಕೋಟೆಯವರೆಗೆ ಒಂದು ಸವಾರಿ: ಇಂಥ ಒಪ್ಪಂದ ಉಪದೇಶಕ್ಕಿಂತ ಹೆಚ್ಚು ಕೆಲಸಮಾಡಿದ ಮನೆಗಳಿವೆ.

ಬಿದ್ದವನನ್ನು ಕಂಡಾಗ

108 ಆಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಆರಂಭವಾದದ್ದು ಹೈದರಾಬಾದಿನಲ್ಲೇ. ಕರ್ನಾಟಕಕ್ಕೆ ಅದು 2008ರ ನವೆಂಬರ್ 1ರಂದು ಬಂತು. ಕರೆ ಮಾಡಿದವನನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಪೀಡಿಸುವಂತಿಲ್ಲವೆಂದು ಕಾನೂನೇ ರಕ್ಷಣೆ ಕೊಟ್ಟಿದೆ. ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸುವುದರಿಂದ ಮುರಿದ ಬೆನ್ನುಮೂಳೆ ಬೆನ್ನುಹುರಿಯನ್ನೂ ಕತ್ತರಿಸಬಹುದು. ಉಸಿರಾಟ ಸರಿಯಾಗಿದ್ದರೆ ಶಿರಸ್ತ್ರಾಣವನ್ನು ಕಿತ್ತೆಳೆಯಬಾರದು. ತೆಗೆಯಲೇಬೇಕಾದರೆ ಇಬ್ಬರು ಬೇಕು: ಒಬ್ಬ ಕೆಳಗಿನಿಂದ ಕುತ್ತಿಗೆಯನ್ನೂ ಗಲ್ಲವನ್ನೂ ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬ ಮೆಲ್ಲನೆ ಕಳಚಬೇಕು. ಬಾಯಿಗೆ ನೀರು ಹಾಕಬಾರದು.

ಇನ್ನೊಂದು ಸಂಗತಿಯನ್ನು ಮನೆಯ ಹೆಂಗಸರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ರಾತ್ರಿ ಬಾಗಿಲು ತೆರೆಯುವವರು ಅವರೇ. ಬಿದ್ದ ಹುಡುಗ ತಾನೇ ಎದ್ದು, ಗಾಡಿ ನೂಕಿಕೊಂಡು ಮನೆಗೆ ಬರಬಹುದು. ಏನೂ ಆಗಿಲ್ಲ ಎನ್ನುತ್ತಾನೆ, ತಂದೆಗೆ ಹೇಳಬೇಡಮ್ಮ ಎನ್ನುತ್ತಾನೆ, ಊಟ ಮಾಡಿ ಮಲಗುತ್ತಾನೆ. ಕಿವಿಯ ಮೇಲ್ಗಡೆ, ಕಪೋಲದ ತೆಳುಮೂಳೆಯ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಮೂಳೆ ಬಿರಿದಾಗ ಅದು ಹರಿದರೆ, ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ನಿಧಾನವಾಗಿ ತುಂಬುತ್ತದೆ. ಮೊದಲ ಕೆಲವು ಗಂಟೆ ಹುಡುಗ ಸರಿಯಾಗಿಯೇ ಮಾತಾಡುತ್ತಾನೆ. ಅನಂತರ ಹೆಚ್ಚುತ್ತ ಹೋಗುವ ತಲೆನೋವು, ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಿವಿ ಅಥವಾ ಮೂಗಿನಿಂದ ರಕ್ತವೋ ತಿಳಿನೀರೋ ಸೋರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ನಿದ್ರೆಯ ಮಾತ್ರೆ ಕೊಡಲೇಬಾರದು. ತಲೆಯ ಸಿ.ಟಿ. ಸ್ಕ್ಯಾನ್ ಮತ್ತು ನರಶಸ್ತ್ರವೈದ್ಯರು ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಸಕಾಲದಲ್ಲಿ ಬುರುಡೆಗೆ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆದರೆ ಇಂಥ ಹುಡುಗರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.